ಮೈಭಾರ, ಕೆಲಸದ ಭಾರ

ಇಳಕಲ್ಲಿನ ಕುಣಿಮಗ್ಗದಲ್ಲಿ ಕೂತವರ ಕಾಲು ಕುಣಿಯೊಳಗೆ ಹಲಗೆ ತುಳಿಯುತ್ತಿದ್ದರೆ ಒಂದು ಕೈ ಲಾಳಿಯ ಹಗ್ಗ ಎಳೆಯುತ್ತದೆ, ಇನ್ನೊಂದು ಹೊಕ್ಕನ್ನು ಬಡಿದು ಕೂಡಿಸುತ್ತದೆ. ಸೀರೆಯ ಒಡಲು, ಸೆರಗಿನ ಹಾಸುಗಳನ್ನು ಕೊಂಡಿ ಹಾಕಿ ಜೋಡಿಸುವಾಗಲಂತೂ ಎಳೆ ಎಳೆಗೂ ಕುತ್ತಿಗೆ ಬಗ್ಗಿಸಿಯೇ ಇರಬೇಕು. ಕೈಕಾಲಿಗೆ ಬಿಡುವಿಲ್ಲ, ನಡು ಮಾತ್ರ ಕೂತಲ್ಲೇ. ಹೊಟ್ಟೆ ಬಂದ ನೇಕಾರರು ಮುಂದಕ್ಕೆ ಬಾಗಿದಷ್ಟೂ ಬೆನ್ನಿನ ಕೆಳಭಾಗಕ್ಕೆ ಭಾರ ಹೆಚ್ಚು. ಕುಣಿಯಿಂದ ಏಳುವಾಗ ಮೊಣಕಾಲಿನ ಸರದಿ. ಮೈತೂಕ 1 ಕಿಲೋ ಇಳಿದರೆ ಹೆಜ್ಜೆಹೆಜ್ಜೆಗೂ ಮೊಣಕಾಲಿನ ಹೊರೆ ಸುಮಾರು 4 ಕಿಲೋದಷ್ಟು ಇಳಿಯುತ್ತದೆಂದು ಅಮೆರಿಕದ ಸಂಶೋಧಕರು 2005ರಲ್ಲಿ ಅಳೆದು ತೋರಿಸಿದರು.

ಊರಿನ ಇನ್ನೊಂದು ದುಡಿಮೆ ಕೆಂಪು ಗ್ರಾನೈಟ್ ಕ್ವಾರಿಗಳದು. ಅಲ್ಲಿ ಬೇಸಿಗೆಯ ಬಿಸಿಲೇ ದೊಡ್ಡ ವೈರಿ. ಚರ್ಮದಡಿಯ ಕೊಬ್ಬು ಮೈಯೊಳಗಿನ ಕಾವನ್ನು ಬೇಗ ಹೊರಗೆ ಬಿಡುವುದಿಲ್ಲ. ಅಷ್ಟೇ ಕೆಲಸಕ್ಕೆ ದಪ್ಪ ಮೈಯವರ ಹೃದಯ ಹೆಚ್ಚು ದುಡಿಯಬೇಕು. ಬಂಡೆಯ ಅಂಚಿನಲ್ಲಿ ನಿಂತಾಗ ತಲೆ ಸುತ್ತಿದರೆ ಜೀವಕ್ಕೇ ಕುತ್ತು. ಕಲ್ಲು ಸಾಗಿಸುವ ಲಾರಿ ಚಾಲಕರದು ಬೇರೆಯೇ ಗಂಡಾಂತರ. ಕುತ್ತಿಗೆಯ ಸುತ್ತ ಕೊಬ್ಬು ಸೇರಿ, ರಾತ್ರಿಯೆಲ್ಲ ಉಸಿರು ಕಟ್ಟಿ ಕಟ್ಟಿ ನಿದ್ದೆ ಕೆಟ್ಟವರಿಗೆ ಹಗಲಲ್ಲಿ ಸ್ಟೇರಿಂಗ್ ಮುಂದೆ ಕಣ್ಣು ಎಳೆಯುತ್ತದೆ. ಆ ಜೋರು ಗೊರಕೆಯನ್ನು ಮನೆಮಂದಿ ಗಾಢ ನಿದ್ದೆಯೆಂದೇ ತಿಳಿದಿರುತ್ತಾರೆ.

ಮೈತೂಕಕ್ಕೂ ಕೆಲಸದ ಗಾಯಕ್ಕೂ ಇರುವ ನಂಟನ್ನು ಅಂಕಿಗಳಲ್ಲಿ ಹಿಡಿದದ್ದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ. 11,728 ನೌಕರರ ದಾಖಲೆ ನೋಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹದ ತೂಕದ ನೂರು ಮಂದಿಯಿಂದ ವರ್ಷಕ್ಕೆ ಸುಮಾರು 6 ಪರಿಹಾರದ ಅರ್ಜಿ ಬಂದರೆ ಅತಿ ಸ್ಥೂಲಕಾಯದವರಿಂದ ಸುಮಾರು 12. ಗಾಯದಿಂದ ಕಳೆದುಹೋದ ಕೆಲಸದ ದಿನಗಳಂತೂ 14 ಇದ್ದದ್ದು 184. ತೂಕವೂ ಹೆಚ್ಚು, ಕೆಲಸವೂ ಅಪಾಯದ್ದು ಎಂದಾದರೆ ಪರಿಣಾಮ ಇನ್ನೂ ಕೆಟ್ಟದ್ದು.

ಬೊಜ್ಜು ಸಿರಿವಂತರ ಕಾಯಿಲೆ ಎಂಬ ಮಾತು ಇನ್ನು ನಡೆಯದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರ ಪೈಕಿ ಹತ್ತರಲ್ಲಿ ಮೂವರ ತೂಕ ಮಿತಿ ಮೀರಿತ್ತು.

ಹಾಗೆಂದು ಗಾಯಕ್ಕೆ ಗಾಯಾಳುವಿನ ಮೈಯನ್ನೇ ದೂರುವುದು ಅನ್ಯಾಯ. ಉರುಳುವ ಬಂಡೆಯಾಗಲಿ, ಪುಪ್ಪುಸ ಸೇರುವ ಸಿಲಿಕಾ ದೂಳಾಗಲಿ ಯಾರ ತೂಕವನ್ನೂ ಕೇಳುವುದಿಲ್ಲ. 1923ರ ಪರಿಹಾರ ಕಾಯ್ದೆ ಕಾರ್ಮಿಕರ ತಪ್ಪೆಂದು ಎಣಿಸಿದ್ದು ಕುಡಿತದ ಇಲ್ಲವೇ ಮಾದಕವಸ್ತುವಿನ ಅಮಲು, ಬೇಕೆಂದೇ ನಿಯಮ ಮೀರುವುದು, ಸುರಕ್ಷಾ ಸಾಧನ ಕಿತ್ತುಹಾಕುವುದು ಇಷ್ಟನ್ನೇ. ಮೈತೂಕ ಆ ಸಾಲಿನಲ್ಲಿರಲಿಲ್ಲ. ಮನೆಯಲ್ಲೇ ಕೂಲಿಗೆ ನೇಯುವವರಿಗಾದರೋ ಅಂಥ ಕಾಯ್ದೆಯ ಆಸರೆ ಸಿಗುವುದೇ ಕಷ್ಟ. ಸೀರೆಯ ಲೆಕ್ಕದಲ್ಲಿ ಕೂಲಿ ಎಂದಮೇಲೆ ಎದ್ದು ನಾಲ್ಕು ಹೆಜ್ಜೆ ನಡೆದರೂ ದುಡ್ಡು ಕಡಿಮೆ. ಆ ನಡಿಗೆಗೆ ಬಿಡುವು ಸಿಗುವಂಥ ಕೂಲಿ ದರ, ಒರಗಲು ಆಸರೆಯಿರುವ ಆಸನ, ಓಣಿಯಲ್ಲೇ ಸಕ್ಕರೆ–ರಕ್ತದೊತ್ತಡದ ತಪಾಸಣೆ ಅವರಿಗೆ ಬೇಕು. ಕ್ವಾರಿಯವರಿಗೆ ನೆರಳು, ನೀರು, ಮಧ್ಯಾಹ್ನದ ವಿರಾಮ.