ಮನೆಯಲ್ಲೇ ಆರೈಕೆ: ಕೈಗೆಟಕುವ ದಾರಿಗಳು

ಮನೆಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಗುವೋ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಹಿರಿಯರೋ ಇದ್ದರೆ ಯಾರಾದರೊಬ್ಬರು ಸದಾ ಜೊತೆಗಿರಬೇಕು. ಏಜೆನ್ಸಿಗಳು ಸಾಮಾನ್ಯವಾಗಿ ಹನ್ನೆರಡು ಇಲ್ಲವೇ ಇಪ್ಪತ್ನಾಲ್ಕು ಗಂಟೆಯ ಡ್ಯೂಟಿಗೆ ದರ ಹೇಳುತ್ತವೆ. ಅದನ್ನು ಕೇಳಿಯೇ ಎಷ್ಟೋ ಕುಟುಂಬಗಳು ಕೈಚೆಲ್ಲುತ್ತವೆ. ಆದರೆ ಇಡೀ ದಿನದ ಆರೈಕೆಯನ್ನು ದುಡ್ಡು ಕೊಟ್ಟೇ ಪಡೆಯಬೇಕಾಗಿಲ್ಲ.

ಮೊದಲು ಕೆಲಸದ ಪಟ್ಟಿ

ಬೆಳಿಗ್ಗೆಯಿಂದ ರಾತ್ರಿವರೆಗಿನ ಕೆಲಸಗಳನ್ನು ಹಾಳೆಯಲ್ಲಿ ಬರೆಯಿರಿ. ಇಂಜೆಕ್ಷನ್, ಕ್ಯಾಥೆಟರ್ ಬದಲಿಸುವುದು, ಗಂಟಲಿನ ಕಫ ಹೀರುವುದು ನರ್ಸ್ ಕೆಲಸ. ಸ್ನಾನ, ಶೌಚ, ಊಟಕ್ಕೆ ತರಬೇತಿ ಪಡೆದ ಆಯಾ ಅಥವಾ ಅಟೆಂಡರ್ ಸಾಕು. ಹಾಸಿಗೆಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಮನೆಯವರೇ ಕಲಿಯಬಹುದು. ಫಿಸಿಯೊಥೆರಪಿಸ್ಟ್ ಆಗಾಗ ಬಂದು ನೋಡಿ, ದಿನದ ವ್ಯಾಯಾಮವನ್ನು ನಿಮಗೆ ಹೇಳಿಕೊಟ್ಟರೆ ಖರ್ಚು ಬಹಳ ಇಳಿಯುತ್ತದೆ. ಹೆಚ್ಚು ಕಷ್ಟವಾಗುವ ಎರಡು-ಮೂರು ಗಂಟೆಗೆ ಮಾತ್ರ ಜನ ಗೊತ್ತುಮಾಡಿ.

ಯುಡಿಐಡಿ ಕಾರ್ಡ್ ಮಾಡಿಸಿ

ಯುಡಿಐಡಿ ಎಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಶೇ 40 ಅಥವಾ ಹೆಚ್ಚು ವೈಕಲ್ಯವಿದ್ದರೆ ಮಾಸಾಶನ ಸೇರಿ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಅರ್ಜಿ ಆನ್‌ಲೈನ್‌ನಲ್ಲಿ, ತಪಾಸಣೆ ಸರ್ಕಾರಿ ಆಸ್ಪತ್ರೆಯಲ್ಲಿ.

ಯಾರನ್ನು ಕೇಳಬೇಕು?

ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯು ಇರುತ್ತಾರೆ. ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯು), ಪಟ್ಟಣದಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು (ಯುಆರ್‌ಡಬ್ಲ್ಯು). ಅರ್ಜಿ ಬರೆಸುವುದು, ಕಚೇರಿಗೆ ದಾರಿ ತೋರಿಸುವುದು ಅವರ ಕೆಲಸ. ಪಂಚಾಯಿತಿಯ ಶೇ 5ರ ವಿಕಲಚೇತನರ ನಿಧಿಯಿಂದ ಗಾಲಿಕುರ್ಚಿಯಂಥ ಸಲಕರಣೆಗೆ ನೆರವು ಕೇಳಬಹುದು. ಶಾಲೆಗೆ ಹೋಗಲಾಗದ ಮಗುವಿಗೆ ಸಮಗ್ರ ಶಿಕ್ಷಣದಡಿ ಗೃಹಾಧಾರಿತ ಶಿಕ್ಷಣವಿದೆ. ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರು ಮನೆಗೇ ಬರುತ್ತಾರೆ.

ಹಣದ ನೆರವು

ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ರಾಜ್ಯ ಸರ್ಕಾರ ತಿಂಗಳಿಗೆ 1,000 ರೂಪಾಯಿ ಆರೈಕೆ ಭತ್ಯೆ ಪ್ರಕಟಿಸಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಆಸರೆ. ಥೆರಪಿ ಖರ್ಚೂ ಅದರಲ್ಲಿ ಸೇರುತ್ತದೆ. ಪ್ರತಿವರ್ಷ ನವೀಕರಿಸಬೇಕು.

ಕೆಲಸಕ್ಕೆ ಇಟ್ಟುಕೊಳ್ಳುವಾಗ

ಆಧಾರ್ ಪ್ರತಿ ಪಡೆಯಿರಿ, ಹಿಂದೆ ದುಡಿದ ಮನೆಯವರೊಡನೆ ಮಾತಾಡಿ, ಪೊಲೀಸ್ ಪರಿಶೀಲನೆ ಮಾಡಿಸಿ. ಸಂಬಳ, ವಾರದ ರಜೆ, ಕೆಲಸದ ಮಿತಿ ಬರೆದಿಡಿ. ಮೊದಲ ವಾರ ಮನೆಯವರೊಬ್ಬರು ಜೊತೆಗಿರಲಿ. ಬರುವವರು ಹೇಗೆ ಮುಟ್ಟುತ್ತಾರೆ, ಹೇಗೆ ಮಾತಾಡಿಸುತ್ತಾರೆ ಎಂಬ ಬಗ್ಗೆ ಆರೈಕೆ ಪಡೆಯುವವರ ಅಭಿಪ್ರಾಯವೇ ಕೊನೆಯದಾಗಲಿ.

ಹಗಲಿರುಳು ನೋಡಿಕೊಳ್ಳುವ ತಾಯಿಗೋ ಹೆಂಡತಿಗೋ ವಿಶ್ರಾಂತಿ ಸಿಗದಿದ್ದರೆ ಯಾವ ವ್ಯವಸ್ಥೆಯೂ ಬಹಳ ದಿನ ನಿಲ್ಲದು. ವಾರಕ್ಕೆ ಅರ್ಧ ದಿನವಾದರೂ ಅವರಿಗೆ ಬಿಡುವು ಕೊಡಿ. ನಿಮ್ಮ ಊರಿನ ವಿಆರ್‌ಡಬ್ಲ್ಯು ಯಾರೆಂದು ಪಂಚಾಯಿತಿಯಲ್ಲಿ ಇಂದೇ ವಿಚಾರಿಸಿ.