ಹಗೆ ತೊಳೆಯದೆ ಹೃದಯ ಶುದ್ಧವಾಗದು

ಸೂರಃ ಅಶ್ಶಮ್ಸ್‌ನಲ್ಲಿ ಅಲ್ಲಾಹನು ಸೂರ್ಯ, ಚಂದ್ರ, ಹಗಲು, ಇರುಳು, ಆಕಾಶ, ಭೂಮಿ, ಕೊನೆಗೆ ಮನುಷ್ಯನ ಆತ್ಮದ ಮೇಲೆ ಆಣೆಯಿಟ್ಟು ಒಂದು ವಿಷಯವನ್ನು ತಿಳಿಸುತ್ತಾನೆ. ಆತ್ಮವನ್ನು ಶುದ್ಧಗೊಳಿಸಿಕೊಂಡವನು ಗೆದ್ದನು, ಅದನ್ನು ಕೊಳೆಯಲ್ಲಿ ಹೂತವನು ಸೋತನು ಎಂಬುದೇ ಅದು. ಕುರ್‌ಆನಿನಲ್ಲಿ ಇಷ್ಟು ಉದ್ದದ ಆಣೆಗಳ ಸಾಲು ಬೇರೆಲ್ಲೂ ಇಲ್ಲ. ಪ್ರವಾದಿ ಮುಹಮ್ಮದ್(ಸ)ರನ್ನು ಕಳುಹಿಸಿದ ಉದ್ದೇಶಗಳನ್ನು ಎಣಿಸುವಾಗಲೂ ಕುರ್‌ಆನ್, ವಚನಗಳನ್ನು ಓದಿ ಕೇಳಿಸುವುದು ಮತ್ತು ಗ್ರಂಥ ಹಾಗೂ ಜ್ಞಾನವನ್ನು ಕಲಿಸುವುದರ ಜೊತೆಗೆ ಜನರನ್ನು ಶುದ್ಧಗೊಳಿಸುವುದನ್ನೂ ಸೇರಿಸಿದೆ. ಇದನ್ನೇ ತಝ್ಕಿಯಾ ಎನ್ನುತ್ತೇವೆ.

ತಝ್ಕಿಯಾ ಎಂದೊಡನೆ ನಮಗೆ ನೆನಪಾಗುವುದು ತಹಜ್ಜುದ್, ದ್ಸಿಕ್ರ್, ಕುರ್‌ಆನ್ ಪಾರಾಯಣ, ಸುನ್ನತ್ ಉಪವಾಸಗಳು. ಇವೆಲ್ಲ ಹೃದಯಕ್ಕೆ ಆಹಾರ, ಸಂದೇಹವಿಲ್ಲ. ಆದರೆ ಒಳಗೆ ರೋಗ ಉಳಿದಿದ್ದರೆ ಎಷ್ಟು ಒಳ್ಳೆಯ ಆಹಾರವೂ ಮೈಗೆ ಹತ್ತುವುದಿಲ್ಲ. ನಾವು ರೋಗವೆಂದೇ ಎಣಿಸದ ಅಂಥ ಒಂದು ರೋಗ ಹಗೆ. ಬಡ್ಡಿಗೆ, ಮದ್ಯಕ್ಕೆ ಹೆದರುವ ಮನೆಯಲ್ಲೇ ಒಡಹುಟ್ಟಿದವರು ವರ್ಷಗಟ್ಟಲೆ ಮಾತು ಬಿಟ್ಟಿರುತ್ತಾರೆ. ಒಂದೇ ಮಸೀದಿ, ಒಂದೇ ಸಫ್. ನಮಾಝ್ ಮುಗಿಯುವಾಗ ಇಬ್ಬರೂ ಬಲಕ್ಕೂ ಎಡಕ್ಕೂ ಮುಖ ತಿರುಗಿಸಿ ಸಲಾಮ್ ಹೇಳುತ್ತಾರೆ. ಮಸೀದಿಯ ಮೆಟ್ಟಿಲು ಇಳಿದ ಮೇಲೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ತಡೆಹಿಡಿಯಲ್ಪಟ್ಟ ಕ್ಷಮೆ

ದೇಹದಲ್ಲಿ ಒಂದು ಮಾಂಸದ ತುಂಡಿದೆ, ಅದು ಸರಿಯಿದ್ದರೆ ಇಡೀ ದೇಹ ಸರಿಯಿರುತ್ತದೆ, ಅದು ಕೆಟ್ಟರೆ ಎಲ್ಲವೂ ಕೆಡುತ್ತದೆ, ಅದುವೇ ಹೃದಯ ಎಂದು ಪ್ರವಾದಿ(ಸ) ತಿಳಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಇದನ್ನು ವರದಿ ಮಾಡಿದ್ದಾರೆ. ಹಗೆಯಿಂದ ಕೆಟ್ಟ ಹೃದಯದ ಗತಿಯೇನು ಎಂಬುದನ್ನು ಮುಸ್ಲಿಮ್‌ನ ಇನ್ನೊಂದು ಹದೀಸ್ ವಿವರಿಸುತ್ತದೆ. ಪ್ರತಿ ಸೋಮವಾರ ಮತ್ತು ಗುರುವಾರ ಸ್ವರ್ಗದ ಬಾಗಿಲುಗಳು ತೆರೆಯಲ್ಪಡುತ್ತವೆ. ಅಲ್ಲಾಹನಿಗೆ ಸಹಭಾಗಿತ್ವ ಕಲ್ಪಿಸದ ಪ್ರತಿಯೊಬ್ಬ ದಾಸನಿಗೂ ಕ್ಷಮೆ ದೊರೆಯುತ್ತದೆ. ತನ್ನ ಸಹೋದರನೊಡನೆ ಹಗೆ ಇಟ್ಟುಕೊಂಡವನು ಮಾತ್ರ ಅದರಿಂದ ಹೊರಗುಳಿಯುತ್ತಾನೆ. ಇಬ್ಬರೂ ರಾಜಿಯಾಗುವ ತನಕ ಅವರ ವಿಷಯವನ್ನು ಮುಂದೂಡುವಂತೆ ಅಪ್ಪಣೆಯಾಗುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಹತ್ತು ವರ್ಷದ ಹಗೆ ಎಂದರೆ ಸಾವಿರಕ್ಕೂ ಹೆಚ್ಚು ಸೋಮವಾರ, ಗುರುವಾರಗಳು. ಅಷ್ಟು ಸಲ ತೆರೆದ ಬಾಗಿಲಿನ ಮುಂದೆ ನಮ್ಮ ಕ್ಷಮೆ ತಡೆಹಿಡಿಯಲ್ಪಟ್ಟಿದೆ.

ಹಗೆ ಹುಟ್ಟುವುದು ಹೇಗೆ?

ಹಿಜರಿ 505, ಅಂದರೆ ಕ್ರಿ.ಶ. 1111ರಲ್ಲಿ ನಿಧನರಾದ ಇಮಾಮ್ ಗಝಾಲಿ(ರ) ನಮ್ಮ ಕರಾವಳಿಯ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ನ ಮಹಾ ವಿದ್ವಾಂಸರು. ತಮ್ಮ ಇಹ್ಯಾ ಉಲೂಮಿದ್ದೀನ್ ಗ್ರಂಥದ 40 ಭಾಗಗಳಲ್ಲಿ ಒಂದನ್ನು ಅವರು ಕೋಪ, ಹಗೆ ಮತ್ತು ಅಸೂಯೆಗೆ ಮೀಸಲಿಟ್ಟಿದ್ದಾರೆ. ಮೂರನ್ನೂ ಒಟ್ಟಿಗೆ ಇಟ್ಟಿರುವುದಕ್ಕೆ ಕಾರಣವಿದೆ. ಕೋಪ ಬಂದು, ಅದನ್ನು ಹೊರಹಾಕಲು ಆಗದೆ ನುಂಗಿಕೊಂಡಾಗ, ಅದು ಒಳಗೆ ಇಳಿದು ಹಗೆಯಾಗಿ ನೆಲೆಸುತ್ತದೆ. ಹಗೆ ಬೆಳೆದು ಅಸೂಯೆಯನ್ನು ಹೆರುತ್ತದೆ. ಹಗೆಯ ಎಂಟು ಫಲಗಳನ್ನು ಅವರು ಎಣಿಸುತ್ತಾರೆ. ಅಸೂಯೆ, ಇನ್ನೊಬ್ಬನ ಕಷ್ಟ ಕಂಡು ಸಂತೋಷಪಡುವುದು, ಮಾತು ಬಿಡುವುದು, ಕೀಳಾಗಿ ಕಾಣುವುದು, ಗೀಬತ್ ಮತ್ತು ಗುಟ್ಟು ಬಯಲು ಮಾಡುವುದು, ಅಣಕಿಸುವುದು, ಕೈಯೆತ್ತುವುದು, ಮತ್ತು ಅವನಿಗೆ ಸಲ್ಲಬೇಕಾದ ಹಕ್ಕನ್ನು ತಡೆಯುವುದು. ಈ ಎಂಟನ್ನೂ ಮಾಡದಿದ್ದರೂ, ಮೊದಲಿದ್ದ ನಗುಮುಖ ಮತ್ತು ನೆರವಿನ ಕೈ ಹಿಂದೆ ಸರಿದರೆ ಅದೂ ಹಗೆಯ ಕುರುಹೇ ಎನ್ನುತ್ತಾರೆ.

ಪಾಪ ಮಾಡಿದಾಗ ಹೃದಯದ ಮೇಲೆ ಒಂದು ಕಪ್ಪು ಚುಕ್ಕೆ ಬೀಳುತ್ತದೆ, ತೌಬಾ ಮಾಡಿದರೆ ಅದು ಅಳಿಯುತ್ತದೆ, ಪಾಪ ಮುಂದುವರಿದರೆ ಚುಕ್ಕೆ ಬೆಳೆದು ಹೃದಯವನ್ನೇ ಮುಚ್ಚುತ್ತದೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ತಿರ್ಮಿದಿ ಇದನ್ನು ವರದಿ ಮಾಡಿದ್ದಾರೆ. ಮಾವಿನಕುರ್ವೆ ಬಂದರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರಲ್ಲೇ ಇರುವ ದೋಣಿಯ ತಳಕ್ಕೆ ಪಾಚಿ, ಚಿಪ್ಪುಗಳು ಅಂಟಿಕೊಳ್ಳುತ್ತವೆ. ಅದರಿಂದ ದೋಣಿ ಮುಳುಗುವುದಿಲ್ಲ, ಸೋರುವುದೂ ಇಲ್ಲ. ಆದರೆ ವೇಗ ಇಳಿಯುತ್ತದೆ, ಡೀಸೆಲ್ ಹೆಚ್ಚು ಬೇಕಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಕಾಲ ಅದನ್ನು ಕೆರೆದು, ಬಣ್ಣ ಬಳಿದು ಸರಿಮಾಡುವ ಸಮಯ. ಹಗೆ ಅಂಟಿದ ಹೃದಯವೂ ಹಾಗೆಯೇ. ನಮಾಝ್ ನಿಲ್ಲುವುದಿಲ್ಲ, ಉಪವಾಸ ತಪ್ಪುವುದಿಲ್ಲ. ಇಬಾದತ್ ಮಾತ್ರ ದಿನದಿನಕ್ಕೆ ಭಾರವಾಗುತ್ತದೆ, ರುಚಿ ಕಳೆದುಕೊಳ್ಳುತ್ತದೆ.

ನಮ್ಮ ಮನೆಗಳ ಜಗಳ

ನಮ್ಮ ಊರುಗಳಲ್ಲಿ ಹಗೆಯ ಬೇರು ಹೆಚ್ಚಾಗಿ ಒಂದೇ ಜಾಗದಲ್ಲಿರುತ್ತದೆ. ಒಬ್ಬ ಮಗ ಕೊಲ್ಲಿಯಲ್ಲಿ ದುಡಿದು ಮನೆ ಕಟ್ಟಲು ಹಣ ಕಳುಹಿಸಿದ. ಇನ್ನೊಬ್ಬ ಊರಲ್ಲೇ ಉಳಿದು ತಂದೆತಾಯಿಯ ಆಸ್ಪತ್ರೆ, ಔಷಧಿ ನೋಡಿಕೊಂಡ. ಕಳುಹಿಸಿದ ಹಣ ಉಡುಗೊರೆಯೋ, ಸಾಲವೋ, ಪಾಲೋ ಎಂದು ಯಾರೂ ಕೇಳಲಿಲ್ಲ, ಯಾರೂ ಬರೆದಿಡಲಿಲ್ಲ. ತಂದೆ ತೀರಿದ ಮೇಲೆ ಪ್ರಶ್ನೆ ಎದ್ದಿತು. ಇಬ್ಬರೂ ತ್ಯಾಗ ಮಾಡಿದವರೇ, ಹಾಗಾಗಿ ಇಬ್ಬರಿಗೂ ತಮಗೇ ಅನ್ಯಾಯವಾಯಿತು ಎನಿಸುತ್ತದೆ. ಕುರ್‌ಆನಿನ ಅತ್ಯಂತ ಉದ್ದದ ವಚನ, ಅಂದರೆ ಸೂರಃ ಅಲ್‌ಬಕರದ 282ನೇ ವಚನ, ಸಾಲದ ವ್ಯವಹಾರವನ್ನು ಸಾಕ್ಷಿ ಸಮೇತ ಬರೆದಿಡಿ ಎಂದು ಕಲಿಸುವುದಕ್ಕಾಗಿಯೇ ಇದೆ. ಬರೆದಿಡುವುದು ಅಪನಂಬಿಕೆ ಅಲ್ಲ. ನಾಳೆ ಹೃದಯ ಕೆಡದಂತೆ ಇಂದು ಹಾಕುವ ಬೇಲಿ.

ಹಕ್ಕು ಕೊಡದೆ ಕ್ಷಮೆ ಕೇಳಬಾರದು

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಹೋದರಿಯ ಪಾಲನ್ನು ಕೊಡದೆ ಇಟ್ಟುಕೊಂಡು, ಅವಳು ಕೇಳಿದಾಗ ಮನಸ್ಸು ಶುದ್ಧವಾಗಿಟ್ಟುಕೋ, ಕ್ಷಮಿಸುವುದು ಪುಣ್ಯ ಎಂದು ಉಪದೇಶ ಮಾಡುವವರಿದ್ದಾರೆ. ಇದು ತಝ್ಕಿಯಾ ಅಲ್ಲ. ಧರ್ಮದ ಹೆಸರಲ್ಲಿ ಮಾಡುವ ಇನ್ನೊಂದು ಅನ್ಯಾಯ. ವಾರಸಿನ ಪಾಲುಗಳನ್ನು ಸೂರಃ ಅನ್ನಿಸಾದಲ್ಲಿ ಅಲ್ಲಾಹನೇ ನಿಗದಿಪಡಿಸಿದ್ದಾನೆ. ಮೃತರ ಸಾಲ ಮತ್ತು ವಸಿಯ್ಯತ್ ಪೂರೈಸಿದ ಮೇಲೆ ಉಳಿದದ್ದು ಹಕ್ಕುದಾರರದ್ದು. ಅದನ್ನು ತಡೆಹಿಡಿಯುವುದು ಇಮಾಮ್ ಗಝಾಲಿ(ರ) ಎಣಿಸಿದ ಎಂಟನೆಯ ಫಲ ಎಂಬುದನ್ನು ನೆನಪಿಡಬೇಕು.

ಅನ್ಯಾಯಕ್ಕೊಳಗಾದವನ ಮುಂದೆ ಮೂರು ದಾರಿಗಳಿವೆ ಎಂದು ಅವರು ಹೇಳುತ್ತಾರೆ. ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ತನ್ನ ಹಕ್ಕನ್ನು ಪಡೆಯುವುದು ನ್ಯಾಯ. ಬಿಟ್ಟುಕೊಟ್ಟು ಕ್ಷಮಿಸುವುದು ಔದಾರ್ಯ. ಹಕ್ಕಿಗಿಂತ ಹೆಚ್ಚು ಕಸಿದು ಸೇಡು ತೀರಿಸಿಕೊಳ್ಳುವುದು ದೌರ್ಜನ್ಯ. ಆದ್ದರಿಂದ ಹಕ್ಕು ಕೇಳಿದವರೆಲ್ಲ ಹಗೆಯುಳ್ಳವರಲ್ಲ. ಪಾಲು ಕೇಳುತ್ತಲೇ ಅಣ್ಣನ ಆರೋಗ್ಯಕ್ಕಾಗಿ ದುಆ ಮಾಡುವ ತಂಗಿಯ ಹೃದಯ ಶುದ್ಧವಾಗಿದೆ.

ಅಬೂಬಕ್ರ್(ರ)ರ ಮಾದರಿ

ಮಿಸ್ತಹ್(ರ) ಬಡವರು, ಮುಹಾಜಿರ್, ಬದ್ರ್‌ನಲ್ಲಿ ಪಾಲ್ಗೊಂಡವರು ಮತ್ತು ಅಬೂಬಕ್ರ್(ರ)ರ ಬಂಧು. ಅವರ ಖರ್ಚನ್ನು ಅಬೂಬಕ್ರ್(ರ) ನೋಡಿಕೊಳ್ಳುತ್ತಿದ್ದರು. ಆಯಿಶಾ(ರ)ರ ಮೇಲೆ ಕಪಟಿಗಳು ಸುಳ್ಳು ಆರೋಪ ಹರಡಿದಾಗ ಮಿಸ್ತಹ್(ರ) ಕೂಡ ಆ ಮಾತಿನಲ್ಲಿ ಸೇರಿಕೊಂಡರು. ಮಗಳ ಮಾನಕ್ಕೆ ಕೈ ಹಾಕಿದವನು ತನ್ನ ಅನ್ನ ತಿಂದವನೇ. ಇದಕ್ಕಿಂತ ದೊಡ್ಡ ನೋವು ತಂದೆಗೆ ಯಾವುದಿದೆ? ಇನ್ನು ಮುಂದೆ ನೆರವು ಕೊಡುವುದಿಲ್ಲ ಎಂದು ಅಬೂಬಕ್ರ್(ರ) ಆಣೆ ಮಾಡಿದರು. ಆಗ ಸೂರಃ ಅನ್ನೂರ್‌ನ 22ನೇ ವಚನ ಅವತೀರ್ಣವಾಯಿತು. ಅನುಕೂಲವಂತರು ಬಂಧುಗಳಿಗೆ, ಬಡವರಿಗೆ, ಮುಹಾಜಿರರಿಗೆ ಕೊಡುವುದಿಲ್ಲವೆಂದು ಆಣೆ ಮಾಡಬಾರದು, ಕ್ಷಮಿಸಬೇಕು ಎಂದು ಅದು ಆದೇಶಿಸಿತು. ಅಲ್ಲಾಹನು ನಿಮ್ಮನ್ನು ಕ್ಷಮಿಸುವುದು ನಿಮಗೆ ಇಷ್ಟವಿಲ್ಲವೇ ಎಂದೂ ಕೇಳಿತು. ಅಬೂಬಕ್ರ್(ರ) ಇಷ್ಟವಿದೆ ಎಂದರು, ನೆರವನ್ನು ಮತ್ತೆ ಆರಂಭಿಸಿದರು.

ಮಗಳ ಮೇಲಿನ ಆರೋಪದ ನೋವು ಅವರ ಎದೆಯಿಂದ ಆ ಕ್ಷಣದಲ್ಲೇ ಮಾಯವಾಗಿರಬೇಕು ಎಂದೇನಿಲ್ಲ. ಆದರೆ ಹಗೆ ತಡೆದಿದ್ದ ಕೈಯನ್ನು ಅವರು ಮತ್ತೆ ಚಾಚಿದರು. ಮನಸ್ಸು ತಿಳಿಯಾದ ಮೇಲೆ ಮಾತಾಡುತ್ತೇನೆ ಎಂದು ಕಾಯುವವರಿಗೆ ಇದರಲ್ಲಿ ಪಾಠವಿದೆ. ಮೊದಲು ಕೈ ಚಾಚಬೇಕು. ಮನಸ್ಸು ಅದರ ಹಿಂದೆ ಬರುತ್ತದೆ.

ನಾವು ಮಾಡಬೇಕಾದದ್ದು

ಮೊದಲನೆಯದು, ಸಲಾಮ್. ಸಹೋದರನೊಡನೆ ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡುವುದು ಸಮ್ಮತವಲ್ಲ, ಇಬ್ಬರಲ್ಲಿ ಮೊದಲು ಸಲಾಮ್ ಹೇಳುವವನೇ ಉತ್ತಮನು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಯಾರು ತಪ್ಪಿತಸ್ಥ ಎಂಬುದನ್ನು ಅವರು ಮೊದಲ ಷರತ್ತಾಗಿ ಇಟ್ಟಿಲ್ಲ. ಒಬ್ಬರ ಒಡನಾಟದಿಂದ ನಿಜವಾದ ಅಪಾಯವಿದ್ದರೆ ದೂರವಿರಲು ವಿದ್ವಾಂಸರು ಅನುಮತಿ ನೀಡಿದ್ದಾರೆ. ಆದರೆ ದೂರವಿರುವುದು ಬೇರೆ, ಕೇಡು ಬಯಸುವುದು ಬೇರೆ.

ಎರಡನೆಯದು, ಲೆಕ್ಕ ಚುಕ್ತಾ ಮಾಡುವುದು. ಪಾಲು, ಸಾಲ, ಅಮಾನತು ಏನಿದ್ದರೂ ಬದುಕಿರುವಾಗಲೇ ಹಿಂದಿರುಗಿಸಬೇಕು.

ಮೂರನೆಯದು, ದುಆ. ಯಾರ ಹೆಸರು ಕೇಳಿದರೆ ಎದೆ ಬಿಗಿಯುತ್ತದೋ ಅವರ ಹೆಸರು ಹಿಡಿದು ಸುಜೂದ್‌ನಲ್ಲಿ ಒಳಿತು ಬೇಡಬೇಕು. ನಾಲಿಗೆ ತೊದಲಬಹುದು. ಆದರೂ ಬೇಡಬೇಕು.

ನಾಲ್ಕನೆಯದು ಹಿರಿಯರ ಹೊಣೆ. ಭಟ್ಕಳದಲ್ಲಿ 1912ರಲ್ಲಿ ಸ್ಥಾಪನೆಯಾದ ಮಜ್ಲಿಸೆ ಇಸ್ಲಾಹ್ ವ ತಂಝೀಮ್‌ನ ಹೆಸರಿನಲ್ಲೇ ಇಸ್ಲಾಹ್ ಎಂಬ ಪದವಿದೆ. ಸರಿಪಡಿಸುವುದು, ಸಂಧಾನ ಮಾಡಿಸುವುದು ಎಂದು ಅದರ ಅರ್ಥ. ಜನರ ನಡುವೆ ಸಂಧಾನ ಮಾಡಿಸುವುದನ್ನು ಪ್ರವಾದಿ(ಸ) ಉಪವಾಸ, ನಮಾಝ್, ದಾನಗಳಿಗಿಂತ ಮೇಲಿನ ಸ್ಥಾನದಲ್ಲಿಟ್ಟಿದ್ದಾರೆ ಎಂದು ಅಬೂದಾವೂದ್ ಮತ್ತು ತಿರ್ಮಿದಿಯ ವರದಿಯಲ್ಲಿದೆ. ಪ್ರತಿಯೊಂದು ಕುಟುಂಬದಲ್ಲೂ ಈ ಕೆಲಸಕ್ಕೆ ಒಬ್ಬರು ಬೇಕು. ಆಚೆ ಮನೆಯ ಮಾತನ್ನು ಈಚೆಗೆ ತರುವವರು ಈಗಾಗಲೇ ಸಾಕಷ್ಟಿದ್ದಾರೆ.

ಮದೀನಾದಲ್ಲಿ ಒಬ್ಬ ಅನ್ಸಾರಿಯನ್ನು ಪ್ರವಾದಿ(ಸ) ಮೂರು ದಿನ ಸತತವಾಗಿ ಸ್ವರ್ಗವಾಸಿಯೆಂದು ಸೂಚಿಸಿದರು. ಅವರ ಗುಟ್ಟು ತಿಳಿಯಲು ಅಬ್ದುಲ್ಲಾ ಬಿನ್ ಅಮ್ರ್(ರ) ಮೂರು ರಾತ್ರಿ ಅವರ ಮನೆಯಲ್ಲಿ ತಂಗಿದರು. ವಿಶೇಷ ನಮಾಝ್ ಕಾಣಲಿಲ್ಲ, ವಿಶೇಷ ಉಪವಾಸ ಕಾಣಲಿಲ್ಲ. ಕೊನೆಗೆ ಕೇಳಿಯೇಬಿಟ್ಟರು. ತನ್ನ ಹೃದಯದಲ್ಲಿ ಯಾವ ಮುಸ್ಲಿಮನ ಬಗ್ಗೆಯೂ ಕಪಟವಿಲ್ಲ, ಅಲ್ಲಾಹನು ಯಾರಿಗೆ ಏನು ಕೊಟ್ಟಿದ್ದರೂ ಅಸೂಯೆಯಿಲ್ಲ ಎಂದು ಆ ವ್ಯಕ್ತಿ ತಿಳಿಸಿದರು. ಮುಸ್ನದ್ ಅಹ್ಮದ್‌ನಲ್ಲಿ ಅನಸ್(ರ)ರಿಂದ ವರದಿಯಾದ ಘಟನೆಯಿದು. ಇದು ವಿದ್ವಾಂಸರಿಗೆ ಮಾತ್ರ ಎಟಕುವ ಪದವಿಯಲ್ಲ. ಅಡುಗೆಮನೆಯ ತಾಯಿಗೂ, ದೋಣಿಯ ಕೆಲಸಗಾರನಿಗೂ, ಅಂಗಡಿಯ ಹುಡುಗನಿಗೂ ಎಟಕುವಂಥದ್ದು.

ಬರುವ ಸೋಮವಾರಕ್ಕೆ ಮೊದಲು ಒಂದು ಫೋನ್ ಕರೆ, ಒಂದು ಸಲಾಮ್ ನಮ್ಮಿಂದ ಆಗಲಿ. ವಿಶ್ವಾಸಿಗಳ ಬಗ್ಗೆ ನಮ್ಮ ಹೃದಯಗಳಲ್ಲಿ ಯಾವ ಹಗೆಯನ್ನೂ ಉಳಿಸದಂತೆ, ಹಕ್ಕುದಾರರಿಗೆ ಹಕ್ಕನ್ನು ತಲುಪಿಸುವಂತೆ ಅಲ್ಲಾಹನು ನಮಗೆಲ್ಲ ತೌಫೀಕ್ ನೀಡಲಿ. ಆಮೀನ್.