ಸಹಾರಾದಲ್ಲಿ ಮಳೆಗಾಲ

ಸಹಾರಾ ಮರುಭೂಮಿಯ ನಡುವೆ, ಅಲ್ಜೀರಿಯ ದೇಶಕ್ಕೆ ಸೇರಿದ ತಸ್ಸಿಲಿ ಎಂಬ ಬಂಡೆಗಾಡಿದೆ. 1956ರಲ್ಲಿ ಫ್ರಾನ್ಸಿನ ಆನ್ರಿ ಲೋತ್ ಎಂಬವರು ಚಿತ್ರಕಾರರ ತಂಡವೊಂದನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿ, ಸಾವಿರಾರು ವರ್ಷಗಳ ಹಿಂದಿನವರು ಬಂಡೆಯ ಮೇಲೆ ಬರೆದಿದ್ದ ಚಿತ್ರಗಳನ್ನು ನಕಲು ಮಾಡಿ ತಂದರು. ಹಿಂಡು ಹಿಂಡು ದನಗಳು, ಜಿರಾಫೆಗಳು, ಸಾಲದ್ದಕ್ಕೆ ನೀರಾನೆ! ಹಗಲೆಲ್ಲ ನೀರಿನಲ್ಲಿ ಮುಳುಗಿರುವ ಪ್ರಾಣಿಗೆ ಆ ಮರಳುಗಾಡಿನಲ್ಲೇನು ಕೆಲಸ?

ಬರೆದವರ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಆ ಮರಳಿನಲ್ಲಿ ಮೀನಿನ ಮೂಳೆಗಳೂ ಮೊಸಳೆಯ ಮೂಳೆಗಳೂ ಸಿಕ್ಕಿವೆ. ಸಹಾರಾದ ದಕ್ಷಿಣದ ಅಂಚಿನಲ್ಲಿರುವ ಚಾಡ್ ಸರೋವರವು ಆ ಕಾಲದಲ್ಲಿ ಸುಮಾರು ಮೂರೂವರೆ ಲಕ್ಷ ಚದರ ಕಿಲೋಮೀಟರ್ ಹರಡಿತ್ತು. ಎರಡು ಕರ್ನಾಟಕಗಳಿಗೆ ತುಸು ಕಡಮೆ ಎನ್ನಿ.

ಅಷ್ಟು ನೀರು ತಂದ ಮಳೆ ನಮ್ಮ ಮುಂಗಾರಿನ ಒಡಹುಟ್ಟೇ. ಭೂಮಧ್ಯರೇಖೆಯ ಆಸುಪಾಸಿನಲ್ಲಿ ಬಿಸಿಲು ಹೆಚ್ಚಾದೆಡೆ ಗಾಳಿ ಕಾದು ಮೇಲೇಳುತ್ತದೆ. ಆ ತೆರವಿಗೆ ಎರಡು ಕಡೆಯಿಂದಲೂ ಸಮುದ್ರದ ತೇವವನ್ನು ಹೊತ್ತ ಗಾಳಿ ನುಗ್ಗುತ್ತದೆ. ಹೀಗೆ ಭೂಮಿಯ ನಡುವಿಗೆ ಒಡ್ಯಾಣ ತೊಡಿಸಿದಂತೆ ಮಳೆಯ ಪಟ್ಟೆಯೊಂದು ಸುತ್ತುವರಿದಿದೆ. ಅದು ಸೂರ್ಯನ ಬೆನ್ನು ಹತ್ತಿ ಹೋಗುವಂಥದು: ನಮ್ಮ ಬೇಸಗೆಯಲ್ಲಿ ಉತ್ತರಕ್ಕೆ, ಚಳಿಗಾಲದಲ್ಲಿ ದಕ್ಷಿಣಕ್ಕೆ. ಕಾದ ಏಷ್ಯದ ನೆಲ ಅದನ್ನು ಮತ್ತಷ್ಟು ಉತ್ತರಕ್ಕೆ ಸೆಳೆದಾಗ ಮುಂಬಯಿಯಲ್ಲಿ ಲೋಕಲ್ ಗಾಡಿಗಳು ನಿಲ್ಲುತ್ತವೆ, ಊರಲ್ಲಿ ಬಿತ್ತನೆ ಆಗುತ್ತದೆ.

ಈ ಪಟ್ಟೆ ಒಂದು ಕಾಲಕ್ಕೆ ಸಹಾರಾದ ಒಳಕ್ಕೆ ಹೋದದ್ದು ಹೇಗೆ? ಉತ್ತರದ ಎಳೆ ನಮ್ಮ ಪಂಚಾಂಗದಲ್ಲಿಯೇ ಇದೆ. ಅದರ ಹೆಸರು ಅಯನಾಂಶ. ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಸುಮಾರಿಗೆ. ನಾವು ಎಳ್ಳು ಬೀರುವುದು ಜನವರಿ 14 ಅಥವಾ 15ಕ್ಕೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನಕ್ಕೆ ಬೀಳುತ್ತಿದ್ದವು. ಭೂಮಿಯ ಅಕ್ಷವು ವೇಗ ತಗ್ಗಿದ ಬುಗುರಿಯಂತೆ ತೂಗುತ್ತಿರುವುದರಿಂದ 72 ವರ್ಷಕ್ಕೆ ಒಂದು ದಿನದಷ್ಟು ಅಂತರ ಬೆಳೆಯುತ್ತದೆ. (ನಮ್ಮ ರೈತರ ಮಳೆ ನಕ್ಷತ್ರಗಳಿಗೂ ಇದೇ ಗತಿ. ಈಗ ಜೂನ್ 7ರ ಸುಮಾರಿಗೆ ಹುಟ್ಟುವ ಮೃಗಶಿರೆ ಮಳೆ ಸಾವಿರ ವರ್ಷದ ಹಿಂದೆ, ಇಂದಿನ ಲೆಕ್ಕದಲ್ಲಿ, ಮೇ ತಿಂಗಳ ಕೊನೆಯ ವಾರಕ್ಕೇ ಹುಟ್ಟುತ್ತಿತ್ತು.)

ಭೂಮಿ ಸೂರ್ಯನನ್ನು ಸುತ್ತುವ ದಾರಿ ಸರಿಯಾದ ವೃತ್ತವಲ್ಲ. ಈಗ ನಾವು ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಮೊದಲ ವಾರದಲ್ಲಿ, ಅಂದರೆ ಉತ್ತರದ ಚಳಿಗಾಲದಲ್ಲಿ. ಬುಗುರಿಯ ತೂಗಾಟದ ಜೊತೆಗೆ ಆ ದಾರಿಯೂ ಮೆಲ್ಲನೆ ತಿರುಗುತ್ತಿರುವುದರಿಂದ, ಸುಮಾರು 10,000 ವರ್ಷಗಳ ಹಿಂದೆ ಅದು ಬೇಸಗೆಯಲ್ಲಿ ಬರುತ್ತಿತ್ತು. ಆಗ ಉತ್ತರಾರ್ಧದ ಬೇಸಗೆಯ ಬಿಸಿಲು ಶೇಕಡಾ 7ರಷ್ಟು ಹೆಚ್ಚು. ನೆಲ ಹೆಚ್ಚು ಕಾಯಿತು, ಸಮುದ್ರದ ಗಾಳಿಯನ್ನು ಬಲವಾಗಿ ಸೆಳೆಯಿತು, ಮಳೆಯ ಪಟ್ಟೆ ನೂರಾರು ಕಿಲೋಮೀಟರ್ ಉತ್ತರಕ್ಕೆ ಸರಿಯಿತು. ಅಮೆರಿಕದ ಜಾನ್ ಕುಟ್ಸ್‌ಬಾಕ್ ಎಂಬವರು 1981ರಲ್ಲಿ ಗಣಕಯಂತ್ರದಿಂದ ಲೆಕ್ಕ ಹಾಕಿ, ಇಷ್ಟು ಬಿಸಿಲೇ ಮುಂಗಾರನ್ನು ಬಲಪಡಿಸಲು ಸಾಕೆಂದು ತೋರಿಸಿದರು. ಮುಂದೆ ಬಿಸಿಲು ಕುಗ್ಗುತ್ತ ಬಂದಂತೆ ಪಟ್ಟೆ ಹಿಂದೆಗೆಯಿತು. ಸುಮಾರು 5,000 ವರ್ಷಗಳ ಹಿಂದಿನ ಹೊತ್ತಿಗೆ ಹುಲ್ಲುಗಾವಲು ಮರಳಾಗಿತ್ತು. ದನಗಾಹಿಗಳು ಹಿಂಡು ಹೊಡೆದುಕೊಂಡು ದಕ್ಷಿಣಕ್ಕೂ ನೈಲ್ ನದಿಯ ಕಣಿವೆಗೂ ನಡೆದರು.

ನಮ್ಮಲ್ಲೂ ಇದರ ಗುರುತುಂಟು. ಬಿಕಾನೇರದ ಬಳಿಯ ಲೂಣಕರಣಸರ ಇಂದು ಉಪ್ಪಿನ ಬಯಲು. ಆ ಕೆರೆ ಬತ್ತಿದ್ದು 5,000 ವರ್ಷಗಳಿಗೂ ಹಿಂದೆಯೇ. ಮೇಘಾಲಯದ ಮಾಮ್ಲುಹ್ ಗುಹೆ ಇನ್ನೂ ಸ್ವಾರಸ್ಯದ್ದು. ಗುಹೆಯಲ್ಲಿ ತೊಟ್ಟಿಕ್ಕುವ ನೀರು ತನ್ನ ಸುಣ್ಣವನ್ನು ಪದರ ಪದರವಾಗಿ ಬಿಟ್ಟು ಕಂಬ ಕಟ್ಟುತ್ತದೆ. ಮುಂಗಾರು ಜೋರಾಗಿದ್ದ ಕಾಲದ ಪದರದಲ್ಲಿ ಹಗುರ ಜಾತಿಯ ಆಮ್ಲಜನಕ ಹೆಚ್ಚು, ಸೊರಗಿದ ಕಾಲದ್ದರಲ್ಲಿ ಕಡಮೆ. ಪದರದ ವಯಸ್ಸನ್ನು ಅದರಲ್ಲಿನ ಯುರೇನಿಯಂ ಹೇಳುತ್ತದೆ. ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ಕೈಕೊಟ್ಟದ್ದನ್ನು ಆ ಕಂಬ ದಾಖಲಿಸಿದೆ. ಅದನ್ನೇ ಗಡಿಗಲ್ಲಾಗಿಟ್ಟು 2018ರಲ್ಲಿ ಭೂವಿಜ್ಞಾನಿಗಳು ಈಗಿನ ಯುಗಕ್ಕೆ ‘ಮೇಘಾಲಯ ಯುಗ’ವೆಂದೇ ಹೆಸರಿಟ್ಟರು.

ಪಟ್ಟೆ ಸರಿಯಲು ಬಿಸಿಲೇ ಬದಲಾಗಬೇಕೆಂದಿಲ್ಲ. ಅದು ಯಾವಾಗಲೂ ಬೆಚ್ಚಗಿರುವ ಅರ್ಧಗೋಳದ ಕಡೆಗೆ ವಾಲುತ್ತದೆ. ಸುಮಾರು 16,000 ವರ್ಷಗಳ ಹಿಂದೆ ಉತ್ತರ ಅಟ್ಲಾಂಟಿಕ್ ಸಮುದ್ರಕ್ಕೆ ಹಿಮಗಡ್ಡೆಗಳು ನುಗ್ಗಿ ಉತ್ತರ ತಣ್ಣಗಾದಾಗ ಏಷ್ಯದ ಮುಂಗಾರು ಸೊರಗಿತು. ಅದೇ ಕಾಲಕ್ಕೆ, ಇಂದು ಬರಗಾಡಾಗಿರುವ ಬ್ರೆಜಿಲಿನ ಈಶಾನ್ಯದಲ್ಲಿ ಧಾರಾಳವಾಗಿ ಮಳೆಯಾಯಿತು.

ಇದು ಬರಿಯ ಪುರಾತನ ಸಮಾಚಾರವೂ ಅಲ್ಲ. 1960ರ ದಶಕದ ಕೊನೆಯಿಂದ 1980ರ ದಶಕದವರೆಗೆ ಸಹಾರಾದ ಕೆಳಗಿನ ಸಾಹೆಲ್ ನಾಡಿನಲ್ಲಿ ಘೋರ ಬರ ಬಿತ್ತು. ಆಗ ಉತ್ತರ ಅಟ್ಲಾಂಟಿಕ್ ಸಮುದ್ರವು ದಕ್ಷಿಣದ್ದಕ್ಕೆ ಹೋಲಿಸಿದರೆ ತಣ್ಣಗಿದ್ದು, ಮಳೆಯ ಪಟ್ಟೆ ಉತ್ತರಕ್ಕೆ ಪೂರ್ತಿ ಏರಲಿಲ್ಲ. ಯುರೋಪು, ಅಮೆರಿಕಗಳ ಕಾರ್ಖಾನೆಗಳ ಗಂಧಕದ ಹೊಗೆ ಬಿಸಿಲನ್ನು ತಡೆದದ್ದೂ ಇದಕ್ಕೆ ಒಂದು ಕಾರಣವೆಂದು ಅನೇಕ ವಿಜ್ಞಾನಿಗಳ ಮತ. ಅಷ್ಟರಲ್ಲಿ ಚಾಡ್ ಸರೋವರದ ನೀರಿನ ಹರವು ಹತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು. 1990ರ ದಶಕದಿಂದ ಈಚೆಗೆ ಅಲ್ಲಿ ಮಳೆ ತಕ್ಕಮಟ್ಟಿಗೆ ಮರಳಿದೆ.